ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನಿಂದ ತೋಟದವರಿಗೆ ಏನು ಉಪಯೋಗ?

ಖಂಡಿತ ಉಪಯೋಗ ಇದೆ. ಈ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇಂಥ ಸರ್ಕಾರಿ ವಿಶ್ವವಿದ್ಯಾಲಯಗಳು ಸುಮ್ನೆ ಪಾಠ ಹೇಳಿ ಡಿಗ್ರಿ ಕೊಟ್ಟರೆ ಸಾಲದು. ಸಂಶೋಧನೆ ಮಾಡಿ, ತಿಳಿದಿದ್ದನ್ನು ರೈತರಿಗೆ ತಲುಪಿಸುವುದೂ ಅವುಗಳ ಕೆಲಸ.

ಸರ್ಕಾರವೇ ಯಾಕೆ ಮಾಡಬೇಕು? ಕಾಫಿಗೆ ಸಿಲ್ವರ್ ಓಕ್ ನೆರಳು ಒಳ್ಳೆಯದಾ, ಕಾಡುಮರದ್ದಾ ಅಂತ ತಿಳಿಯಲು ವರ್ಷಗಟ್ಟಲೆ ಮರ ಬೆಳೆಸಿ ನೋಡಬೇಕು. ಉತ್ತರ ಸಿಕ್ಕರೂ ಅದನ್ನು ಚೀಲದಲ್ಲಿ ತುಂಬಿ ಮಾರಲು ಆಗುವುದಿಲ್ಲ. ಒಬ್ಬರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತು, ಅಲ್ವಾ? ಹಾಗಾಗಿ ಖಾಸಗಿ ಕಂಪನಿಗಳಿಗೆ ಇದರಲ್ಲಿ ಲಾಭ ಕಡಿಮೆ. ಬೇರೆ ಕಡೆಯ ಫಲಿತಾಂಶ ತಂದುಕೊಳ್ಳೋಣ ಅಂದರೆ, ಕೊಡಗಿನ ಮಳೆಯೇ ಬೇರೆ, ಇಳಿಜಾರೇ ಬೇರೆ.

ಈ ಕಾಲೇಜು ನಮ್ಮ ತೆರಿಗೆ ಹಣದಲ್ಲಿ ನಡೆಯುವ ಸಂಸ್ಥೆ. ತೋಟದ ಸಮಸ್ಯೆ ಇದ್ದರೆ ಸಂಕೋಚವಿಲ್ಲದೆ ಹೋಗಿ ಕೇಳಿ. ಎಷ್ಟೋ ಸಂಶೋಧನೆಗಳು ಅಂಥ ಪ್ರಶ್ನೆಗಳಿಂದಲೇ ಶುರುವಾಗುತ್ತವೆ.