ಬೇಟೆಗಾರರ ದುಡ್ಡು ಕಾಡಿಗೆ ಹೋಗುವ ದಾರಿ

ಅಮೆರಿಕದಲ್ಲಿ ಬೇಟೆಗಾರರೇ ಕಾಡುಪ್ರಾಣಿ ಉಳಿಸೋಕೆ ದುಡ್ಡು ಕೊಡ್ತಾರಂತೆ, ಅದು ಹೇಗೆ ಅಂತ ಕೇಳಿದ್ದೀರಿ. ನಿಜ, ಸುಮ್ನೆ ಹೇಳೋ ಮಾತಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡಿನ ಮೇಲೆ ಶೇ. 10ರಿಂದ 11 ತೆರಿಗೆ ಇದೆ. ಅದು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಬೇಟೆ ಲೈಸೆನ್ಸಿನ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಈ ಪಾಲು ಸಿಗಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಈ ಕಟ್ಟುಪಾಡೇ. 1950ರ ಇನ್ನೊಂದು ಕಾಯ್ದೆ ಮೀನಿನ ಗಾಳ, ರೀಲುಗಳಿಗೂ ತೆರಿಗೆ ಹಾಕಿತು.

ಇನ್ನು ಡಕ್ ಸ್ಟ್ಯಾಂಪ್. ಬಾತಿನಂಥ ನೀರುಹಕ್ಕಿಗಳ ಬೇಟೆಗೆ ಬೇಕಾದ, ಕಾಡುಬಾತಿನ ಚಿತ್ರವಿರುವ ಪುಟ್ಟ ಚೀಟಿ, ಬೆಲೆ 25 ಡಾಲರ್. ಕಾಗದದ ಚೀಟಿ ಹಿಡಿದು ಬೇಟೆಗೆ ಹೋಗುವವರು ಅದರ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು. ಆ ದುಡ್ಡಿನಲ್ಲಿ ಸುಮಾರು ಶೇ. 98 ಜೌಗು ನೆಲ ಕೊಂಡು ಕಾಪಾಡೋಕೆ ಹೋಗುತ್ತದೆ. ಬಂದೂಕನ್ನೇ ಮುಟ್ಟದ ಪಕ್ಷಿಪ್ರಿಯರೂ ಇದನ್ನು ಕೊಳ್ಳುತ್ತಾರೆ.