ಕಾಳಿ ಅಳಿವೆ ಬದಿಯ ಮನೆ: ಸಮುದ್ರದ ದೂರ ಬಿಡಿ, ನೆಲದ ಎತ್ತರ ಅಳೆಯಿರಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ನೀವಿರುವುದು ಬೆಂಗಳೂರಿನಲ್ಲಿ. ಕಾಳಿ ನದಿ ಕಾರವಾರದ ಕೊಲ್ಲಿಗೆ ಸೇರುವಲ್ಲಿ, ಸದಾಶಿವಗಡದ ಕಡೆ, ಅಜ್ಜನ ಕಾಲದ ಹೆಂಚಿನ ಮನೆ ಮತ್ತು ತೆಂಗಿನ ತೋಟ ಇದೆ. ಕಡಲು 400 ಮೀಟರ್ ದೂರ, ಎದುರಿಗೆ ದ್ವೀಪಗಳ ಮರೆ, ಹಾಗಾಗಿ ತೂಫಾನಿನ ಭಯವಿಲ್ಲ ಅಂತ ಮನೆಯವರು ಹೇಳುತ್ತಾರೆ. ಹಳೆ ಮನೆ ತೆಗೆದು ಹೊಸದು ಕಟ್ಟಿ, ನದಿ ಬದಿಗೆ ಕಲ್ಲಿನ ಗೋಡೆ ಹಾಕಿದರೆ ಸಾಕೇ ಅನ್ನುವುದು ನಿಮ್ಮ ಅನುಮಾನ.

ಸಾಲದು. ಗೋಡೆಯ ಮಾತು ಆಮೇಲೆ. ಮೊದಲು ನಿಮ್ಮ ನೆಲ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಾಗಬೇಕು.

ಕೂರ್ಮಗಡ, ದೇವಗಡದಂಥ ದ್ವೀಪಗಳೂ ಗುಡ್ಡದ ಮೂಗುಗಳೂ ತಡೆಯುವುದು ಅಲೆಯನ್ನು. ನೀರಿನ ಮಟ್ಟ ಏರುವುದನ್ನು ಅವು ತಡೆಯುವುದಿಲ್ಲ. ಚಂಡಮಾರುತದಲ್ಲಿ ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ (ಹವಾಮಾನದವರು ಒತ್ತಡ ಅಳೆಯುವ ಮಾನ) ಕುಸಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದರ ಮೇಲೆ ಗಾಳಿ ನೀರನ್ನು ದಡದ ಕಡೆಗೆ ತಳ್ಳಿ ಪೇರಿಸುತ್ತದೆ. ಕೊಲ್ಲಿ ಆಳವಿಲ್ಲದಷ್ಟೂ ಈ ಪೇರಿಕೆ ಹೆಚ್ಚು. ಏರಿದ ನೀರು ಅಳಿವೆಯೊಳಗೆ ನುಗ್ಗಿ, ಹಿನ್ನೀರಿನಲ್ಲಿ ಹರಡಿ, ಎಷ್ಟೋ ಸಲ ಮನೆಯ ಹಿತ್ತಿಲಿನಿಂದ ಒಳಗೆ ಬರುತ್ತದೆ. ಮೂರನೆಯದು ಮೇಲಿನಿಂದ ಬರುವ ನದಿಯ ನೀರು. 2019ರ ಆಗಸ್ಟ್‌ನಲ್ಲಿ ಚಂಡಮಾರುತವೇನೂ ಇರಲಿಲ್ಲ, ಆದರೂ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕಾಳಿ ದಂಡೆಯ ಊರುಗಳು ಮುಳುಗಿದವು. ಹಾಗೆ ತುಂಬಿ ಬರುವ ನದಿಗೆ ಅಮಾವಾಸ್ಯೆಯ ಉಬ್ಬರ ಎದುರಾದರೆ, ಆ ಎರಡು ಮೂರು ಗಂಟೆ ನೀರಿಗೆ ಹೊರದಾರಿಯೇ ಇರುವುದಿಲ್ಲ. ನೀವು ತಯಾರಾಗಬೇಕಾದ್ದು ಆ ಹೊತ್ತಿಗೆ.

ಅಳತೆ ಹೀಗೆ ಮಾಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಊರಲ್ಲಿರುವ ಹಾಗೆ ರಜೆ ಹಾಕಿ. ದೊಡ್ಡ ಉಬ್ಬರ ಬರುವುದು ಸಾಮಾನ್ಯವಾಗಿ ತಿಥಿಯ ದಿನವೇ ಅಲ್ಲ, ತುಸು ತಡವಾಗಿ. ಮಳೆ ಇಲ್ಲದ, ಗಾಳಿ ಸುಮ್ಮನಿರುವ ದಿನ ನೋಡಿಕೊಳ್ಳಿ. ನೀರು ಏರಿ ನಿಂತ ಗೆರೆಯಲ್ಲಿ ಒಂದು ಗೂಟ ಹೊಡೆದು, ನೀರು ಮುಟ್ಟಿದ ಜಾಗಕ್ಕೆ ಬಣ್ಣ ಹಚ್ಚಿ. ಆಮೇಲೆ ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪ್ ತೆಗೆದುಕೊಳ್ಳಿ. ನೀರು ತುಂಬಿಸಿ, ಬೆರಳಲ್ಲಿ ತಟ್ಟುತ್ತಾ ಗುಳ್ಳೆ ಪೂರ್ತಿ ಹೋಗುವವರೆಗೆ ಕಾಯಿರಿ. ಒಳಗೆ ಒಂದೇ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಗೂಟದಿಂದ ಮನೆಯ ಪಾಯದ ಮೇಲ್ಮಟ್ಟದವರೆಗೆ 20 ಮೀಟರಿಗೊಂದು ಗುರುತು ಮಾಡುತ್ತಾ ಬನ್ನಿ. ಮುಗಿದ ಮೇಲೆ ಮನೆಯಿಂದ ಗೂಟಕ್ಕೆ ವಾಪಸ್ ಅಳೆಯಿರಿ. ಎರಡು ಅಳತೆಗೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಿ.

ಉಬ್ಬರದ ಪಟ್ಟಿ ನೋಡಿ ಕಾಗದದ ಮೇಲೆ ಲೆಕ್ಕ ಹಾಕುವವರು ಇಲ್ಲೊಂದು ಕಡೆ ಎಡವುತ್ತಾರೆ. ಪಟ್ಟಿಯಲ್ಲಿರುವ ಎತ್ತರಗಳು ನೌಕಾ ನಕಾಶೆಯ ಶೂನ್ಯದಿಂದ ಎಣಿಸಿದವು. ಆ ಶೂನ್ಯ ಇರುವುದು ಇಳಿತದಲ್ಲಿ ನೀರು ಅತಿ ಕೆಳಗೆ ಹೋಗುವ ಮಟ್ಟದ ಹತ್ತಿರ. ಸರ್ವೆಯವರು ಕೊಡುವುದು ಸರಾಸರಿ ಸಮುದ್ರಮಟ್ಟದಿಂದ. ನಮ್ಮ ಕರಾವಳಿಯಲ್ಲಿ ಈ ಎರಡರ ನಡುವೆ ಸುಮಾರು ಒಂದು ಮೀಟರ್ ಅಂತರವಿದೆ. ಎರಡನ್ನೂ ಬೆರೆಸಿದರೆ ಇಡೀ ಲೆಕ್ಕ ಕೆಟ್ಟಂತೆ. ಗೂಟದಿಂದ ಅಳೆದರೆ ಈ ತೊಡಕೇ ಇಲ್ಲ, ಅದಕ್ಕೇ ಅದನ್ನು ಹೇಳಿದೆ.

ಈಗ ಕೂಡಿಸಿ. ಉದಾಹರಣೆಗೆ ಪಾಯ ಗೂಟಕ್ಕಿಂತ 120 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಒತ್ತಡ 1010ರಿಂದ 990 ಹೆಕ್ಟೋಪಾಸ್ಕಲಿಗೆ ಇಳಿದರೆ 20 ಸೆಂ.ಮೀ. ಗಾಳಿ ಪೇರಿಸುವುದಕ್ಕೆ, ಅಲೆಯ ನೂಕಿಗೆ 60 ಇಡಿ. ನದಿಗೆ ಎಷ್ಟು ಅನ್ನುವುದನ್ನು ಅಕ್ಕಪಕ್ಕದ ಹಿರಿಯರನ್ನೇ ಕೇಳಿ: 2019ರಲ್ಲಿ ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು? ಆ ಗುರುತು ಗೂಟಕ್ಕಿಂತ 50 ಸೆಂ.ಮೀ. ಮೇಲಿದ್ದರೆ ಒಟ್ಟು 130. ಅಂದರೆ ನಿಮ್ಮ ಹಜಾರದಲ್ಲಿ ನೀರು. ಮೇಲೆ 30 ಸೆಂ.ಮೀ. ಕಾಪು ಬಿಟ್ಟು, ಹೊಸ ಮನೆಯ ನೆಲ 160ರಲ್ಲಿ ಇರಬೇಕು. ಮೂರೂ ಒಟ್ಟಿಗೆ ಬರುವುದು ಅಪರೂಪ ಅನ್ನಬಹುದು. ಆದರೆ ಚಂಡಮಾರುತ ತನ್ನ ಜೊತೆಗೇ ಮಳೆ ತರುತ್ತದೆ, ಉಬ್ಬರ ದಿನಕ್ಕೆ ಎರಡು ಸಲ ಬಂದೇ ಬರುತ್ತದೆ. ನಾನು ಇದರಲ್ಲಿ ಒಂದನ್ನೂ ಬಿಡುವುದಿಲ್ಲ. ಎತ್ತರಿಸುವುದಕ್ಕೆ ಮಣ್ಣು ತುಂಬಬೇಡಿ, ಕಂಬಗಳ ಮೇಲೆ ಎತ್ತಿ. ತುಂಬಿದ ಜಾಗ ಪಕ್ಕದವರ ತೋಟದಲ್ಲಿ ನೀರು ನಿಲ್ಲಿಸುತ್ತದೆ.

ಕೆಡವುವ ಮುನ್ನ ಕರಾವಳಿ ನಿಯಂತ್ರಣ ವಲಯದ ನಕಾಶೆ ನೋಡಲೇಬೇಕು. ನಿಯಮ ಕಡಲಿಗೆ ಮಾತ್ರ ಅಂತ ತಿಳಿಯಬೇಡಿ, ಉಬ್ಬರ ಇಳಿತ ತಟ್ಟುವ ನದಿಗೂ ಇದೆ. 2019ರ ಅಧಿಸೂಚನೆಯ ಪ್ರಕಾರ ಅಂಥ ನದಿಯ ದಡದಿಂದ 50 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟು ವಲಯದೊಳಗೆ ಬರುತ್ತದೆ. ಸಮುದ್ರದ ಕಡೆ ಉಬ್ಬರದ ಗೆರೆಯಿಂದ 500 ಮೀಟರ್. ನೀವು ಹೊಡೆದ ಗೂಟ ಕಾನೂನಿನ ಗೆರೆಯಲ್ಲ, ಗೆರೆ ನಕಾಶೆಯಲ್ಲಿ ಇರುವುದೇ. ನಿರ್ಮಾಣ ನಿಷೇಧವಿರುವ ಭಾಗದಲ್ಲೂ ಅಧಿಕೃತವಾಗಿರುವ ಹಳೆ ಮನೆಯನ್ನು ಅದೇ ಪಾಯದ ವಿಸ್ತೀರ್ಣದಲ್ಲಿ ಮತ್ತೆ ಕಟ್ಟಿಕೊಳ್ಳಲು ಅವಕಾಶವಿದೆ. ಆದ್ದರಿಂದ ಕೆಡವುವ ಮೊದಲೇ ಹಳೆ ತೆರಿಗೆ ರಸೀದಿ, ಮನೆಯ ಫೋಟೊ, ಅಳತೆ ಎಲ್ಲ ತೆಗೆದಿಡಿ. ಕೆಡವಿದ ಮೇಲೆ ಮನೆ ಇತ್ತು ಅಂತ ಸಾಬೀತು ಮಾಡುವುದು ಕಷ್ಟ.

ಕಲ್ಲಿನ ಗೋಡೆಯ ವಿಷಯ. ನಿಮ್ಮ ಜಾಗದ ಮುಂದೆ ಮಾತ್ರ ಗೋಡೆ ಹಾಕಿದರೆ ಅದರ ಎರಡೂ ತುದಿಯಲ್ಲಿ ಕೊರೆತ ಜೋರಾಗಿ, ಮೊದಲು ನೆರೆಯವರ ದಡ ಹೋಗುತ್ತದೆ, ಆಮೇಲೆ ನಿಮ್ಮ ಗೋಡೆಯ ಹಿಂಬದಿ. ಬುಡ ಕೊರೆದು ಕಲ್ಲು ಜಾರುವುದು ಇನ್ನೊಂದು. ಕಲ್ಲಿನ ಹಿಂದೆ ಸೋಸುವ ಬಟ್ಟೆ, ಸಣ್ಣ ಜಲ್ಲಿಯ ಪದರ ಇಲ್ಲದಿದ್ದರೆ ಪ್ರತಿ ಇಳಿತದಲ್ಲೂ ಮರಳು ಸಂದಿಯಿಂದ ಹೊರಗೆ ಹೋಗಿ, ಕೆಲವೇ ಮಳೆಗಾಲದಲ್ಲಿ ಗೋಡೆ ಕುಸಿದು ಕೂರುತ್ತದೆ. ಅಲೆಯಿಲ್ಲದ, ಕೆಸರು ದಡವಾದರೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬೆಳೆಸುವುದೇ ಮೇಲು. ಪಂಚಾಯಿತಿ, ಅರಣ್ಯ ಇಲಾಖೆಯನ್ನು ಕೇಳಿಕೊಂಡು ಮಾಡಿ. ಮರಳು ದಡದಲ್ಲಿ ಅಲೆ ಹೊಡೆಯುವ ಕಡೆ ಕಾಂಡ್ಲಾ ನಿಲ್ಲುವುದಿಲ್ಲ, ಸಸಿ ಹಾಳು.

ಮನೆಯ ನಕ್ಷೆ ಬೆಂಗಳೂರಿನವರಿಂದ ಮಾಡಿಸಿದರೆ ಎರಡು ವಿಷಯ ಕೇಳಿಯೇ ಕೇಳಿ. ಗಾಳಿಯ ಲೆಕ್ಕಕ್ಕೆ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರು ಮತ್ತು ಗೋವಾಕ್ಕೆ 39. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ, ಆದರೆ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಶೇ. 40ರಷ್ಟು ಹೆಚ್ಚು ಬಲ ಬೀಳುತ್ತದೆ. ಮನೆಯ ಮಾಡು ಹಾರಿಹೋಗುವುದು ಮೇಲಿನ ಭಾರದಿಂದಲ್ಲ, ಸೂರಿನ ಕೆಳಗೆ ಗಾಳಿ ಹೊಕ್ಕು ಎತ್ತುವುದರಿಂದ. ಮಾಡಿನ ಪ್ರತಿ ಪಕಾಸಿಯನ್ನೂ ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಿಂದ ಗೋಡೆಯ ಮೇಲಿನ ಕಾಂಕ್ರೀಟ್ ಪಟ್ಟಿಗೆ ಬಿಗಿಯಬೇಕು. ಎರಡನೆಯದು ಕಾಂಕ್ರೀಟ್: ಕರಾವಳಿಗೆ ಕನಿಷ್ಠ ಎಂ30 ದರ್ಜೆಯ ಗಟ್ಟಿತನ, ಕಬ್ಬಿಣದ ಮೇಲೆ 45 ಮಿ.ಮೀ. ಹೊದಿಕೆ. ಬೆಂಗಳೂರಿನ ಸ್ಲ್ಯಾಬಿನ 20 ಮಿ.ಮೀ. ಹೊದಿಕೆ ಅಲ್ಲಿ ಉಪ್ಪು ಗಾಳಿಗೆ ಬೇಗ ಬಿರಿಯುತ್ತದೆ.

ಮುನ್ಸೂಚನೆಯ ವಿಷಯಕ್ಕೆ ಬಂದರೆ, ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲ ಮುಖ್ಯವಾಗಿ ಮೇ–ಜೂನ್ ಮತ್ತು ಅಕ್ಟೋಬರ್–ನವೆಂಬರ್. 2021ರ ಮೇ ತಿಂಗಳ ತೌಕ್ತೆ ದಡ ಹತ್ತಿದ್ದು ಗುಜರಾತಿನಲ್ಲಿ, ನಮ್ಮ ದಡವನ್ನು ಪಕ್ಕದಲ್ಲೇ ದಾಟಿಹೋಯಿತು ಅಷ್ಟೆ. ಆದರೂ ಇಲ್ಲಿ ಮನೆ, ರಸ್ತೆ ಹೋದವು. ಹಾಗಾಗಿ ಚಂಡಮಾರುತ ಎಲ್ಲಿ ದಡ ಸೇರುತ್ತದೆ ಅಂತ ಮಾತ್ರ ನೋಡಬೇಡಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಡುವುದು 48 ಗಂಟೆ ಮುಂಚೆ ಹಳದಿ, 24 ಗಂಟೆ ಮುಂಚೆ ಕಿತ್ತಳೆ, 12 ಗಂಟೆ ಮುಂಚೆ ಕೆಂಪು. ಅಲೆಯ ಎಚ್ಚರಿಕೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್‌ನದು, ಮಳೆಯದ್ದು ನಮ್ಮ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಮೂರನ್ನೂ ನೋಡಿ, ಜೊತೆಗೆ ಕದ್ರಾದ ನೀರು ಬಿಡುವ ಸುದ್ದಿ.

ಹಳದಿ ಬಂದ ದಿನವೇ ಒಣ ಗರಿ, ಕಾಯಿ ಇಳಿಸಿ. ದೋಣಿ ಮೇಲಕ್ಕೆ ಎಳೆಸಿ. ನೆಲದಡಿಯ ಸಂಪನ್ನು ಪೂರ್ತಿ ತುಂಬಿಸಿ, ಖಾಲಿ ಸಂಪು ಮಣ್ಣಿನ ನೀರಿಗೆ ಮೇಲೇಳುತ್ತದೆ. ಇದನ್ನೆಲ್ಲ ಬೆಂಗಳೂರಿನಿಂದ ಓಡಿಹೋಗಿ ಮಾಡಲಾಗದು. ಘಟ್ಟದ ರಸ್ತೆ, ರೈಲು ಎರಡೂ ಮಳೆಗೆ ನಿಲ್ಲುತ್ತವೆ. ಕೀಲಿ ಊರಿನ ಒಬ್ಬರ ಹತ್ತಿರ ಇರಲಿ, ಕೂಲಿಯನ್ನು ಮೇ ತಿಂಗಳಿಗೆ ಮೊದಲೇ ಮಾತಾಡಿಡಿ. ಮನೆಯಲ್ಲಿ ಹಿರಿಯರಿದ್ದರೆ ಹಳದಿಯಲ್ಲೇ ಅವರನ್ನು ಹೊರಡಿಸಿ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿಯ ಹಳೆ ಸೇತುವೆ ಕುಸಿದದ್ದು ನಿಮಗೆ ನೆನಪಿರಬಹುದು. ಸೇತುವೆ ದಾಟಿ ಕಾರವಾರದ ಆಸ್ಪತ್ರೆಗೆ ಹೋಗುತ್ತೇವೆ ಅನ್ನುವುದೊಂದೇ ನಿಮ್ಮ ಯೋಜನೆ ಆಗದಿರಲಿ. ಹೊಳೆಯ ಸದಾಶಿವಗಡದ ಕಡೆಯೇ ಎತ್ತರದ ಒಂದು ಮನೆ ಗೊತ್ತು ಮಾಡಿ.

ನೀರಿಳಿದ ಮೇಲೆ ಬಾವಿಯನ್ನು ಒಂದೇ ಏಟಿಗೆ ಬತ್ತಿಸಬೇಡಿ. ಸುತ್ತಲಿನ ಉಪ್ಪುನೀರು ನುಗ್ಗುತ್ತದೆ, ಕಟ್ಟೆಯೂ ಕುಸಿಯಬಹುದು. ದಿನಕ್ಕಿಷ್ಟು ಅಂತ ಎತ್ತಿ. ನೀರು ತಿಳಿಯಾದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್ ಇರುತ್ತದೆ, ಅದಕ್ಕೆ 24 ಗ್ರಾಂ. ಪ್ರವಾಹ ಹೊಕ್ಕಿದ್ದರೆ ಇದರ ಎರಡರಷ್ಟು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡದಿಂದ ಚೆನ್ನಾಗಿ ಕದಡಿ, ಒಂದು ಗಂಟೆಯಾದರೂ ಬಿಟ್ಟು ಬಳಸಿ.