ಹೊಟ್ಟೆ ಮಾತ್ರ ಇಳಿಸುವ ಊಟ ಇದೆಯಾ?

"ಮುಖ, ಕೈ ಹಾಗೇ ಇರಬೇಕು, ಹೊಟ್ಟೆ ಮಾತ್ರ ಇಳಿಯಬೇಕು. ಅದಕ್ಕೆ ಏನು ತಿನ್ನಬೇಕು?" ಅಂತ ಕೇಳಿದ್ದೀರಿ. ಅಂಥ ಊಟ ಇಲ್ಲ. ಇದ್ದಿದ್ದರೆ ಮೊದಲು ನಾನೇ ತಿನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ನನ್ನದೂ ಇದೇ ಆಸೆ. ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ. ರಾತ್ರಿ ಜೀರಿಗೆ ನೀರು. ಹುರುಳಿ ಕೊಬ್ಬು ಕರಗಿಸುತ್ತೆ ಅಂತ ಯಾರೋ ಹೇಳಿದರು, ವಾರಕ್ಕೆ ಮೂರು ದಿನ ಹುರುಳಿ ಸಾರು. ಎರಡು ತಿಂಗಳಾದರೂ ಬೆಲ್ಟು ಒಂದು ತೂತೂ ಹಿಂದೆ ಹೋಗಲಿಲ್ಲ. ಹುರುಳಿಯನ್ನು ಬೈಯುತ್ತಿಲ್ಲ, ಒಳ್ಳೆ ಕಾಳು. ಆದರೆ ಆ ಸಾರು ಇದ್ದ ದಿನ ಅನ್ನ ಒಂದು ಸುತ್ತು ಜಾಸ್ತಿ ಇಳಿಯುತ್ತಿತ್ತು, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ತಿಂದದ್ದು ಜೀರ್ಣವಾಗಿ ರಕ್ತಕ್ಕೆ ಸೇರಿದ ಮೇಲೆ ಅದಕ್ಕೆ ವಿಳಾಸ ಇರುವುದಿಲ್ಲ. ಊಟ ಕಡಿಮೆಯಾದಾಗ ಹಾರ್ಮೋನುಗಳು ಇಡೀ ಮೈಗೆ ಸುದ್ದಿ ಮುಟ್ಟಿಸುತ್ತವೆ. ಎಲ್ಲ ಕಡೆಯ ಕೊಬ್ಬಿನ ಕೋಶಗಳೂ ಒಂದಿಷ್ಟು ಬಿಟ್ಟುಕೊಡುತ್ತವೆ. ಎಲ್ಲಿಂದ ಜಾಸ್ತಿ, ಎಲ್ಲಿಂದ ಕಡಿಮೆ ಅನ್ನುವುದು ವಂಶ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದರ ಮೇಲೆ ನಿಂತಿದೆ. ಹೆಂಗಸರ ಕುಂಡಿ, ತೊಡೆಯ ಕೊಬ್ಬು ಸುಲಭಕ್ಕೆ ಜಗ್ಗುವುದಿಲ್ಲ. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಯ ಕಡೆ ಹೆಚ್ಚು ಸೇರುತ್ತದೆ, ಊಟ ಬದಲಾಗದಿದ್ದರೂ.

ವ್ಯಾಯಾಮಕ್ಕೂ ಇದೇ ಮಾತು. 1984ರ ಒಂದು ಅಧ್ಯಯನದಲ್ಲಿ 27 ದಿನ, ಒಟ್ಟು ಸುಮಾರು 5,000 ಸಿಟಪ್ ಮಾಡಿಸಿದರು. ಹೊಟ್ಟೆ, ಬೆನ್ನು, ಕುಂಡಿ ಮೂರೂ ಕಡೆಯಿಂದ ಚೂರು ಕೊಬ್ಬು ತೆಗೆದು ನೋಡಿದರೆ ಕೋಶಗಳು ಎಲ್ಲ ಕಡೆ ಒಂದೇ ಥರ ಕುಗ್ಗಿದ್ದವು. ಪಾಪ, ಅಷ್ಟು ಸಿಟಪ್!

ನನಗೆ ಕೆಲಸ ಮಾಡಿದ್ದು ಕಾಫಿಯ ಸಕ್ಕರೆ ಬಿಟ್ಟದ್ದು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಎಂಟು ಚಮಚ ಅಂದರೆ ಹತ್ತಿರ ಹತ್ತಿರ 40 ಗ್ರಾಂ, 160 ಕ್ಯಾಲೊರಿ. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅನ್ನುತ್ತಾರೆ. ಸಕ್ಕರೆ ಒಂದನ್ನೇ ಬಿಟ್ಟರೂ ಒಂದೂವರೆ ತಿಂಗಳಿಗೆ ಒಂದು ಕೆಜಿ! ಇದು ಕಾಗದದ ಮೇಲಿನ ಲೆಕ್ಕ, ಮೈ ಇಷ್ಟು ಶಿಸ್ತಾಗಿ ಕೇಳುವುದಿಲ್ಲ. ಸಂಜೆಯ ಬೋಂಡಾ ಬಿಟ್ಟೆ, ರಾತ್ರಿ ಅನ್ನ ಅರ್ಧ ಮಾಡಿದೆ. ಆರು ತಿಂಗಳಿಗೆ ಆರು ಕೆಜಿ ಇಳಿಯಿತು.

ಮೊದಲು ಇಳಿದದ್ದು ಏನು ಗೊತ್ತಾ? ಕೆನ್ನೆ. ಒಂದು ಗೃಹಪ್ರವೇಶದಲ್ಲಿ ದೊಡ್ಡಮ್ಮ ನನ್ನ ಗಲ್ಲ ಹಿಡಿದು, ಪಂಕ್ತಿಗೆಲ್ಲ ಕೇಳುವ ಹಾಗೆ, "ಏನೋ, ಶುಗರ್ ಬಂತಾ?" ಅಂದರು. ಆಗ ಬೆಲ್ಟು ಇನ್ನೂ ಹಳೇ ತೂತಿನಲ್ಲೇ ಇತ್ತು.

ಆದರೂ ಒಂದು ಸಮಾಧಾನ ಇದೆ. ಕೈಗೆ ಸಿಗುವ ಹೊಟ್ಟೆ ಬೇರೆ, ಒಳಗೆ ಕರುಳು, ಲಿವರ್ ಸುತ್ತ ಕೂತ ಕೊಬ್ಬು ಬೇರೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಹೆಚ್ಚು ನಂಟಿರುವುದು ಆ ಒಳಗಿನದಕ್ಕೆ. ತೂಕ ಇಳಿಯುವಾಗ ಸಾಮಾನ್ಯವಾಗಿ ಅದು ಬೇಗ ಕರಗುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ ಅಷ್ಟೇ. ದರ್ಜಿಯ ಟೇಪ್ ತಗೊಂಡು ಸೊಂಟ ಅಳೆಯಿರಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು ಅನ್ನುತ್ತಾರೆ. ಪ್ಯಾಂಟಿನ ಸೈಜ್ ನಂಬಬೇಡಿ, ನಾವೆಲ್ಲ ಹಾಕಿಕೊಳ್ಳುವುದು ಹೊಟ್ಟೆಯ ಕೆಳಗೆ ಅಲ್ವಾ! ನನ್ನ ಪ್ಯಾಂಟು 34 ಇಂಚು, ಟೇಪ್ ತೋರಿಸಿದ್ದು 97 ಸೆಂ.ಮೀ., ಅಂದರೆ 38 ಇಂಚು.

ಕೈ ಸೊರಗಬಾರದು ಅನ್ನುವ ಚಿಂತೆಗೆ ಮಾತ್ರ ಸ್ವಲ್ಪ ದಾರಿ ಇದೆ. ಉಪವಾಸ ಬಿದ್ದು ಸರಸರ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ನಿಧಾನಕ್ಕೆ ಇಳಿಸಿ. ಕಾಳು, ಮೊಸರು ಬಿಡಬೇಡಿ, ಮೊಟ್ಟೆ ತಿನ್ನುವವರಾದರೆ ಅದನ್ನೂ. ವಾರಕ್ಕೆ ಎರಡು ಮೂರು ದಿನ ಏನಾದರೂ ಭಾರ ಎತ್ತಿ. ಕೈ ಉಳಿಯುತ್ತದೆ. ಕೆನ್ನೆಗೆ ನನ್ನ ಹತ್ತಿರ ಉಪಾಯ ಇಲ್ಲ, ದೊಡ್ಡಮ್ಮ ಈಗಲೂ ಕೇಳುತ್ತಾರೆ.